ಕೆಂಪು ನೆಲ ಒಡೆದು ಹಾಸಿದ ಹಾಳೆ

ನೆಲ ಒದ್ದೆಯಾಗಿದೆ ಎಂದು ಮೊದಲು ಹೇಳಿದ್ದು ಆ ಮನೆಯ ಅಮ್ಮ. ಅವರಿಗೆ ಕಣ್ಣು ಕಾಣುವುದಿಲ್ಲ. ಹಗಲೋ ಸಂಜೆಯೋ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿದಿತ್ತು. ಜೊತೆಗಿದ್ದ ಮಗಳು ಕಾಲೇಜಿನಲ್ಲಿ ಪಾಠ ಹೇಳುವವರು. ಅವರ ಎರಡೂ ಕಣ್ಣು ಚೆನ್ನಾಗಿದ್ದವು, ಆದರೆ ನೆಲದಲ್ಲಿ ಏನೂ ಕಂಡಿರಲಿಲ್ಲ. "ಅಮ್ಮ ಕಾಲಿಗೆ ಅಂಟುತ್ತೆ ಅಂತಾನೇ ಇದ್ರು ಸಾರ್. ನಾನು ಒರೆಸಿ ನೋಡಿದೆ, ಬಟ್ಟೆ ಒದ್ದೆ ಆಗ್ಲಿಲ್ಲ. ವಯಸ್ಸಾಯ್ತಲ್ಲ, ಏನೋ ಹೇಳ್ತಾರೆ ಅಂತ ಸುಮ್ಮನಾದೆ. ಮೊನ್ನೆ ಹಾಲ್‌ನಲ್ಲಿ ಜಾರಿಬಿಟ್ರು" ಎಂದು ಫೋನಿನಲ್ಲಿ ಹೇಳಿದರು. ಮೂಳೆ ಮುರಿದಿರಲಿಲ್ಲ, ಮಣಿಕಟ್ಟು ಊದಿತ್ತು ಅಷ್ಟೆ. ಇನ್ನೊಂದು ಸಲ ಜಾರಿ ಸೊಂಟಕ್ಕೆ ಪೆಟ್ಟಾದರೆ ಅಮ್ಮ ಹಾಸಿಗೆ ಹಿಡಿಯುತ್ತಾರೆ ಎನ್ನುವುದು ಮಗಳ ಭಯ.

ನನ್ನ ಕೆಲಸ ಹಳೇ ಮನೆಗಳ ರಿಪೇರಿ. ಹೊಸ ಮನೆ ಕಟ್ಟಿಸುವವರು ದೊಡ್ಡ ದೊಡ್ಡ ಬೋರ್ಡು ಹಾಕಿಕೊಂಡವರ ಹತ್ತಿರ ಹೋಗುತ್ತಾರೆ. ಸೋರಿದ ಮೇಲೆ, ಬಿರುಕು ಬಿಟ್ಟ ಮೇಲೆ ನನ್ನ ನೆನಪಾಗುತ್ತದೆ. ಅದರಲ್ಲೂ ತೇವದ ವಿಷಯ ಬಂದರೆ ನನಗೆ ಒಂದಿಷ್ಟು ಜಂಬವಿತ್ತು. ಸುಣ್ಣ ಬಳಿದು ಮರೆಮಾಚುವ ಜನ ನಾನಲ್ಲ, ಬುಡಕ್ಕೇ ಕೈ ಹಾಕುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಆ ಮನೆಯಲ್ಲಿ ನಾನು ಬುಡವೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಕೈ ಹಾಕಿದೆ.

ಮನೆ ಇರುವುದು ಸರಸ್ವತಿಪುರಂನಲ್ಲಿ. ಸೈಜುಗಲ್ಲಿನ ಪಾಯ, ಇಟ್ಟಿಗೆಯ ದಪ್ಪ ಗೋಡೆ, ಕೆಂಪು ನೆಲ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಅಮ್ಮ ಒಳಗಿನಿಂದ ನಡೆದು ಬಂದರು. ಬಿರುಸಾಗಿ, ತಲೆ ಎತ್ತಿಕೊಂಡು, ಕೈಯನ್ನು ಎಲ್ಲೂ ಚಾಚದೆ ಬಂದರು. "ಬನ್ನಿ ಇಂಜಿನಿಯರೇ, ಕೂತ್ಕೊಳ್ಳಿ" ಎಂದು ಸರಿಯಾಗಿ ಕುರ್ಚಿಯ ಕಡೆಗೇ ಕೈ ತೋರಿಸಿದರು. ಮಗಳು ಮೊದಲೇ ಹೇಳಿರದಿದ್ದರೆ ಅವರಿಗೆ ಕಣ್ಣಿಲ್ಲ ಎನ್ನುವುದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಹೇಗೆ ಅಷ್ಟು ಸಲೀಸಾಗಿ ಓಡಾಡುತ್ತೀರಿ ಎಂದು ಕೇಳಿದೆ. ಅವರು ನಕ್ಕರು. "ನಾನು ಈ ಮನೆಗೆ ಬಂದ ವರ್ಷ ಹಾಕ್ಸಿದ ನೆಲ ಇದು. ಗೋಡೆ ಪಕ್ಕ ಕಪ್ಪು ಪಟ್ಟಿ ಇದೆಯಲ್ಲ, ಅದು ಸ್ವಲ್ಪ ತರಿ. ಊಟದ ಕೋಣೆ ಬಾಗಿಲಲ್ಲಿ ಒಂದು ಬಿರುಕಿದೆ. ಅಡುಗೆ ಮನೆ ಮುಂದೆ ಒರಳು ಇಡ್ತಿದ್ವಿ, ಅಲ್ಲಿ ತಗ್ಗು. ಇಷ್ಟು ಗೊತ್ತಿದ್ರೆ ಸಾಕಲ್ವಾ? ಕಣ್ಣು ಹೋಗಿ ಬಹಳ ವರ್ಷ ಆದ್ರೂ ಕಾಲು ಏನೂ ಮರೆತಿಲ್ಲ." ಹಾಗೆ ಹೇಳುತ್ತಲೇ ಹಾಲ್‌ನ ಮೂಲೆಗೆ ಹೋಗಿ ನಿಂತು ಪಾದವನ್ನು ಒಮ್ಮೆ ಒತ್ತಿ ತೋರಿಸಿದರು. "ಇಲ್ಲಿ ನೋಡಿ. ಮೊದಲು ಹೀಗಿರಲಿಲ್ಲ. ಎರಡು ಮೂರು ವರ್ಷದಿಂದ ಹೀಗೆ."

ನಾನು ಬಗ್ಗಿ ಅಂಗೈ ಒತ್ತಿದೆ. ಅವರು ಹೇಳಿದ್ದು ನಿಜ. ಕಣ್ಣಿಗೆ ಕಾಣುವ ನೀರಿಲ್ಲ, ಆದರೆ ಕೈ ಎತ್ತಿದಾಗ ಚರ್ಮ ಸ್ವಲ್ಪ ಹಿಡಿದು ಬಿಟ್ಟ ಹಾಗಾಯಿತು. ಗೋಡೆಯ ಬುಡದಲ್ಲಿ ಬಣ್ಣ ಗೇಣಷ್ಟು ಎತ್ತರಕ್ಕೆ ಉಬ್ಬಿತ್ತು, ಅಲ್ಲಲ್ಲಿ ಬಿಳಿ ಉಪ್ಪು ಎದ್ದಿತ್ತು.

ತೇವ ಎಲ್ಲಿಂದ ಬರುತ್ತಿದೆ ಎಂದು ನೋಡಲು ಸುಲಭದ ಒಂದು ಉಪಾಯವಿದೆ. ಪಾರದರ್ಶಕ ಪ್ಲಾಸ್ಟಿಕ್ಕನ್ನು ಚೌಕ ಕತ್ತರಿಸಿ, ನೆಲದ ಮೇಲಿಟ್ಟು, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದೆರಡು ದಿನ ಬಿಡಬೇಕು. ಹನಿ ಪ್ಲಾಸ್ಟಿಕ್ಕಿನ ಮೇಲೆ ಕೂತಿದ್ದರೆ ಅದು ಗಾಳಿಯ ತೇವ. ಅಡಿಯಲ್ಲಿ ಕೂತಿದ್ದರೆ ನೆಲದಿಂದ ಬಂದದ್ದು. ಹಾಲ್‌ನಲ್ಲಿ, ಮಲಗುವ ಕೋಣೆಯಲ್ಲಿ, ಊಟದ ಕೋಣೆಯಲ್ಲಿ, ಅಡುಗೆ ಮನೆಯಲ್ಲಿ ಹಚ್ಚುತ್ತಾ ಬಂದೆ. ಕೊನೆಗೆ ದೇವರ ಮನೆಯ ಹೊಸಿಲಿನ ಮುಂದೆ ಬಂದು ನಿಂತೆ. ಒಳಗೆ ನಂದಾದೀಪ ಉರಿಯುತ್ತಿತ್ತು. ಗಳುವಿನ ಮೇಲೆ ಅಮ್ಮನ ಮಡಿಸೀರೆ ಒಣಗುತ್ತಿತ್ತು.

"ಇಲ್ಲೂ ನೋಡ್ಬೇಕಾ?" ಎಂದು ಅಮ್ಮ ಹಿಂದಿನಿಂದ ಕೇಳಿದರು.

"ಬೇಡ ಬಿಡಿ ಅಮ್ಮ. ದೇವರ ಮನೆ, ಅಲ್ಲೇನಿರುತ್ತೆ" ಎಂದೆ.

ಯಾರೂ ನನ್ನನ್ನು ತಡೆದಿರಲಿಲ್ಲ. ನಮ್ಮಪ್ಪ ಹಿಂದೆ ವರುಣಾ ಕಡೆಯ ಹಳ್ಳಿಯಿಂದ ಸೈಕಲ್ಲಿನಲ್ಲಿ ಬಂದು ಇಂಥ ಮನೆಗಳಿಗೆ ಹಾಲು ಹಾಕುತ್ತಿದ್ದವರು. ಯಾವ ಮನೆಯಲ್ಲಿ ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅವರ ಮೈಗೇ ಗೊತ್ತಿತ್ತು. ನನಗೆ ಡಿಪ್ಲೊಮಾ ಬಂತು, ಟೇಪು ಬಂತು, ಮೀಟರು ಬಂತು, ಆದರೂ ಆ ನಿಲ್ಲುವುದು ಹೋಗಲಿಲ್ಲ. ಸೈಟಿನ ಧೂಳು ಮೆತ್ತಿದ ಕಾಲಲ್ಲಿ ಮಡಿಯ ಜಾಗಕ್ಕೆ ಹೋಗುವುದು ಮರ್ಯಾದೆಯಲ್ಲ ಅನಿಸಿತು. ಅಮ್ಮನೂ ನನ್ನ ಮರ್ಯಾದೆ ನೋಡಿ ಮೆಚ್ಚಿಕೊಂಡಿರಬೇಕು, ಒತ್ತಾಯ ಮಾಡಲಿಲ್ಲ.

ಆಮೇಲೆ ಮನೆಯ ಸುತ್ತ ನೋಡಿಕೊಂಡು ಬಂದೆ. ಹಾಲ್, ದೇವರ ಮನೆ ಇರುವ ಈ ಪಕ್ಕ ನಲ್ಲಿ ಪೈಪೇನಾದರೂ ಹೋಗಿದೆಯೇ ಎಂದು ಕೇಳಿದೆ, ಇಲ್ಲ ಎಂದರು. ಬಚ್ಚಲು, ಸಂಪು ಎರಡೂ ಮನೆಯ ಆ ಕಡೆಗೆ. ಈ ಪಕ್ಕದ ಓಣಿಗೆ ಕಾಂಪೌಂಡಿನವರೆಗೆ ನೀಟಾಗಿ ಸಿಮೆಂಟು ಹಾಕಿತ್ತು. "ಮೊದಲು ಇಲ್ಲಿ ಮಣ್ಣಿತ್ತು ಸಾರ್, ಮಳೆ ಬಂದ್ರೆ ಪಾಚಿ ಕಟ್ಟೋದು. ಅಮ್ಮ ಹೂ ಬಿಡ್ಸೋಕೆ ಹಿತ್ತಲಿಗೆ ಹೋಗ್ತಾ ಜಾರ್ತಾರೆ ಅಂತ ನಾನೇ ಹಾಕ್ಸಿದೆ" ಎಂದರು ಮಗಳು. ಒಳ್ಳೇ ಕೆಲಸ ಮಾಡಿದ್ದೀರಿ, ಗೋಡೆ ಪಕ್ಕ ಮಳೆ ನೀರು ನಿಲ್ಲುವುದಿಲ್ಲ ಎಂದು ಶಹಬ್ಬಾಸ್ ಬೇರೆ ಹೇಳಿ ಬಂದೆ.

ಮತ್ತೆ ಹೋಗಿ ನೋಡಿದಾಗ ಪ್ಲಾಸ್ಟಿಕ್ಕಿನ ಅಡಿಯಲ್ಲೆಲ್ಲಾ ಹನಿ. ಅಡುಗೆ ಮನೆಯಲ್ಲಿ ಕಡಿಮೆ, ದೇವರ ಮನೆಗೆ ಅಂಟಿಕೊಂಡ ಹಾಲ್‌ನ ಮೂಲೆಯಲ್ಲಿ ಬೆವರಿಳಿದ ಹಾಗೆ ಜಾಸ್ತಿ. ಆಗ ಮಾಘ ಮಾಸ. ಮಳೆ ಬಿಟ್ಟು ತಿಂಗಳುಗಳೇ ಆಗಿದ್ದವು. ಒಣ ಹವೆಯಲ್ಲೂ ಇಷ್ಟು ತೇವ ಎಲ್ಲಿಂದ ಎಂದು ನಾನು ಅಲ್ಲೇ ನಿಂತು ಯೋಚಿಸಬೇಕಿತ್ತು. ಯೋಚಿಸಿದೆ ಕೂಡ, ಆದರೆ ಉತ್ತರವನ್ನು ಮೊದಲೇ ಜೇಬಲ್ಲಿಟ್ಟುಕೊಂಡು ಯೋಚಿಸಿದೆ. ಹಿಂದಿನ ಸೈಟು ಎತ್ತರದಲ್ಲಿದೆ, ಅವರ ತೋಟದ ನೀರು ಇಳಿದು ಬರುತ್ತಿದೆ, ಹಳೇ ಕಾಲದ ಮನೆಯಾದ್ದರಿಂದ ನೆಲದಡಿಯಲ್ಲಾಗಲಿ ಪಾಯದ ಮೇಲಾಗಲಿ ತೇವ ತಡೆಯುವ ಪದರವಿಲ್ಲ, ಮಣ್ಣು ನೀರನ್ನು ಮೇಲಕ್ಕೆ ಎಳೆಯುತ್ತಿದೆ. ಒಂದೊಂದೂ ಸರಿಯಾದ ಮಾತೇ. ಹೆಚ್ಚು ಒದ್ದೆಯ ಮೂಲೆಯನ್ನು ಇದು ಮನೆಯ ತಗ್ಗು ಭಾಗ ಎಂದು ತೀರ್ಮಾನಿಸಿ ಮುಂದಕ್ಕೆ ಹೋದೆ.

ದಾರಿ ಮೂರಿದ್ದವು. ನೆಲದ ಮೇಲೆಯೇ ತೇವ ತಡೆಯುವ ರಾಸಾಯನಿಕ ಬಳಿಯುವುದು ಒಂದು. ಅಂಗಡಿಯವರು ಡಬ್ಬದ ಮೇಲೆ ಎಷ್ಟೇ ವರ್ಷದ ಗ್ಯಾರಂಟಿ ಬರೆದಿರಲಿ, ಅಡಿಯಿಂದ ಒತ್ತುವ ತೇವಕ್ಕೆ ಅದು ಒಂದೆರಡು ಮಳೆಗಾಲದಲ್ಲಿ ಚಕ್ಕೆ ಏಳುವುದನ್ನು ನಾನು ಕಂಡಿದ್ದೆ. ಎರಡನೆಯದು ಟಾರು ಬಳಿಯುವುದು; ಅದಕ್ಕೂ ನೆಲ ಕೀಳಬೇಕು, ಮೇಲಾಗಿ ಕಾಂಕ್ರೀಟು ಅಲುಗಾಡಿದರೆ ಬಿರಿಯುತ್ತದೆ. ಮೂರನೆಯದು ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಹಾಳೆ. ಮಣ್ಣಿಗೂ ಕಾಂಕ್ರೀಟಿಗೂ ನಡುವೆ ಅದನ್ನು ತೂತಿಲ್ಲದ ಹಾಗೆ ಹಾಸಿ, ಅಂಚನ್ನು ಗೋಡೆಯ ಮೇಲೆ ಮಡಿಸಿಬಿಟ್ಟರೆ ನಮ್ಮ ಕಾಲ ಮುಗಿದರೂ ಅದು ಕೊಳೆಯುವುದಿಲ್ಲ. ಗೋಡೆಯ ಬುಡಕ್ಕೆ ಔಷಧಿ ಚುಚ್ಚುವ ಇನ್ನೊಂದು ವಿಧಾನವಿದೆ. ಅದನ್ನು ಬೇಕಾದರೆ ಆಮೇಲೆ ನೋಡೋಣ ಎಂದು ಬದಿಗಿಟ್ಟೆ. ಹಾಳೆಯೇ ಸರಿ ಎಂದು ಹೇಳಿದೆ.

ಅಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿದರು. "ಹಾಗಾದ್ರೆ ನೆಲ ಒಡೀಲೇಬೇಕಾ?"

"ಒಡೀಲೇಬೇಕು ಅಮ್ಮ. ಹಾಳೆ ಅಡಿಗೆ ಹೋಗ್ಬೇಕಲ್ಲ."

ಅವರು ಪಾದದಿಂದ ಕಪ್ಪು ಪಟ್ಟಿಯನ್ನು ಮೆಲ್ಲಗೆ ಸವರುತ್ತಿದ್ದರು. "ಒಂದು ಬೇಸಿಗೆ ಕಾದು ನೋಡೋಣ್ವಾ? ಒಣಗಿದ್ರೂ ಒಣಗಬಹುದು."

ಮಗಳು ನನ್ನ ಮುಖ ನೋಡಿದರು. ಆ ನೋಟದಲ್ಲಿ ಹೂಂ ಎನ್ನಬೇಡಿ ಎಂದು ಇತ್ತು. ನನಗೂ ಕಾಯುವುದು ಬೇಕಿರಲಿಲ್ಲ. "ಅಷ್ಟರಲ್ಲಿ ಇನ್ನೊಂದು ಸಲ ಜಾರಿದ್ರೆ ಏನ್ ಮಾಡ್ತೀರಿ ಅಮ್ಮ?" ಎಂದೆ. "ಆಯ್ತಪ್ಪ, ನಿಮಗೆ ಗೊತ್ತಿರುತ್ತೆ" ಎಂದರು. ಆ ಮಾತು ಈಗಲೂ ಕಿವಿಯಲ್ಲಿ ಚುಚ್ಚುತ್ತದೆ. ಅವರು ಕೇಳಿದ್ದು ಬರೀ ಒಂದು ಬೇಸಿಗೆ.

ದೇವರ ಮನೆಯ ನೆಲವನ್ನು ಮಾತ್ರ ಮುಟ್ಟುವುದಿಲ್ಲ ಎಂದು ನಾನೇ ಹೇಳಿದೆ. ದೇವರನ್ನು ಕದಲಿಸಬೇಕಾಗಿಲ್ಲವಲ್ಲ ಎಂದು ಇಬ್ಬರಿಗೂ ಸಮಾಧಾನವಾಯಿತು. ಅಷ್ಟು ಸಣ್ಣ ಕೋಣೆಯಿಂದ ಏನೂ ಆಗುವುದಿಲ್ಲ, ಹಾಳೆಯನ್ನು ಹೊಸಿಲಿನ ಕಲ್ಲಿಗೆ ಒತ್ತಿ ಮಡಿಸಿ ನಿಲ್ಲಿಸುತ್ತೇನೆ ಎಂದೆ.

ಕೆಲಸ ಶುರುವಾದಾಗ ಅವರಿಬ್ಬರೂ ವಿಜಯನಗರದಲ್ಲಿದ್ದ ನೆಂಟರ ಮನೆಗೆ ಹೋದರು. ಉದಯಗಿರಿಯ ಮೇಸ್ತ್ರಿ, ನನ್ನ ಜೊತೆ ಬಹಳ ಕಾಲದಿಂದ ಇರುವವರು, ತಮ್ಮ ಆಳುಗಳನ್ನು ಕರೆತಂದರು. ಒಡೆಯುವ ಮಿಷನ್ ಬೇಡ, ಹಳೇ ಗೋಡೆ ಅದುರುತ್ತದೆ, ಉಳಿ ಸುತ್ತಿಗೆಯಲ್ಲೇ ಆಗಲಿ ಎಂದಿದ್ದೆ. ಮೊದಲ ಪೆಟ್ಟಿಗೆ ಉಳಿ ಜಾರಿತು. "ಏನ್ ಸಾ ಇದು, ಕನ್ನಡಿ ಇದ್ದಂಗೈತೆ. ಒಡೆಯೋಕೆ ಮನಸ್ಸು ಬರಾಕಿಲ್ಲ" ಎಂದರು ಮೇಸ್ತ್ರಿ. ಒಡೆಯುವುದನ್ನು ಒಡೆದರು. ಬಿದ್ದ ಚೂರುಗಳ ಮೇಲ್ಮೈ ಕೆಂಪಗೆ ಹೊಳೆಯುತ್ತಿತ್ತು, ಅಡಿಯಲ್ಲಿ ಸುಣ್ಣದ ಗಾರೆ ತೇವದಿಂದ ಕಪ್ಪಾಗಿತ್ತು. ಆ ಕಪ್ಪನ್ನು ನೋಡಿ ನಾನು ಹೇಳಿದ್ದೇ ಸರಿ ಎಂದು ನನಗೆ ಖುಷಿಯಾಯಿತು.

ನೆಂಟರ ಮನೆಗೆ ಹೋದರೂ ಅಮ್ಮ ಪೂಜೆ ಬಿಡಲಿಲ್ಲ. ಸಾಲಿಗ್ರಾಮ ಇರುವ ಮನೆಯಲ್ಲಿ ಒಂದು ದಿನವೂ ಪೂಜೆ ತಪ್ಪಬಾರದು. ದಿನಾ ಬೆಳಿಗ್ಗೆ ಆಟೋದಲ್ಲಿ ಮಗಳ ಜೊತೆ ಬರುತ್ತಿದ್ದರು. ಅಗೆದ ಹಾಲ್‌ನ ಮೇಲೆ ನಾವು ಹಲಗೆ ಹಾಕಿಕೊಡುತ್ತಿದ್ದೆವು, ಮಗಳು ಕೈ ಹಿಡಿದು ದಾಟಿಸುತ್ತಿದ್ದರು. ಅವರ ಪೂಜೆ ಮುಗಿಯುವವರೆಗೆ ಧೂಳು ಏಳಬಾರದು ಎಂದು ನಾನು ಕೆಲಸ ನಿಲ್ಲಿಸುತ್ತಿದ್ದೆ. ಆಳುಗಳೆಲ್ಲಾ ಓಣಿಯ ಸಿಮೆಂಟಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಒಳಗಿನಿಂದ ಗಂಟೆ ಕೇಳುತ್ತಿತ್ತು, ಮಂತ್ರ ಕೇಳುತ್ತಿತ್ತು, ಕೊನೆಗೆ ಪಾತ್ರೆ ತೊಳೆದು ನೆಲ ಸಾರಿಸುವ ಸದ್ದು, ನೀರು ಗುಳುಗುಳು ಎಂದು ಎಲ್ಲೋ ಇಳಿದುಹೋಗುವ ಸದ್ದು. ಗೋಡೆಗೆ ಒರಗಿ ಕೂತು ದಿನಾ ಅದನ್ನು ಕೇಳಿದೆ. ಬೆಳಗಿನ ಹೊತ್ತು ಆ ಸದ್ದು ಮನಸ್ಸಿಗೆ ಹಿತವಾಗಿರುತ್ತಿತ್ತು. ನೀರು ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳಲಿಲ್ಲ.

ಮಣ್ಣನ್ನು ಮೊಣಕಾಲುದ್ದ ತೆಗೆದು, ತಳವನ್ನು ಗುದ್ದಿ ಗಟ್ಟಿಯಾಗಿ ದಮ್ಮಸು ಮಾಡಿದೆವು. ಮೇಲೆ ದಪ್ಪ ಜಲ್ಲಿ ಹಾಸಿದೆವು. ಜಲ್ಲಿಯ ನಡುವಿನ ಸಂದಿನಲ್ಲಿ ನೀರು ಮೇಲಕ್ಕೆ ಏರಲಾರದು. ಜಲ್ಲಿಯ ಚೂಪು ಹಾಳೆಗೆ ಚುಚ್ಚದಿರಲಿ ಎಂದು ಅದರ ಮೇಲೆ ಸಣ್ಣ ಮರಳಿನ ಪದರ. ಸಂತೆಪೇಟೆಯಿಂದ ತರಿಸಿದ ಹಾಳೆಯನ್ನು ಬಿಚ್ಚಿ ಹೆಬ್ಬೆರಳಿಂದ ಒತ್ತಿ ನೋಡಿದರೆ ತೆಳು. ಹೇಳಿದ ದಪ್ಪವೇ ಒಂದು, ಕೊಟ್ಟದ್ದೇ ಒಂದು. ಅಂಗಡಿಯವನ ಜೊತೆ ಜಗಳವಾಡಿ ವಾಪಸು ಕಳಿಸಿದೆ. ಸರಿಯಾದ ಹಾಳೆ ಬರುವವರೆಗೆ ಕೆಲಸ ನಿಂತಿತು. ಇಂಥ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ಹಾಳೆ ಹಾಸುವ ದಿನ ಎಲ್ಲರೂ ಬರಿಗಾಲಲ್ಲಿ ಇರಬೇಕು ಎಂದೆ. ಒಂದು ಹಾಳೆಯ ಮೇಲೆ ಇನ್ನೊಂದನ್ನು ಮೊಳದಷ್ಟು ಏರಿಸಿ, ನಡುವೆ ಅಂಟು ಟೇಪು, ಮೇಲೆ ಇನ್ನೊಂದು ಟೇಪು. ಮೂಲೆಗಳಲ್ಲಿ ಕತ್ತರಿಸದೆ, ಪುಸ್ತಕಕ್ಕೆ ಬೈಂಡು ಹಾಕುವ ಹಾಗೆ ಮಡಿಸಿದೆವು. ಒಂದು ಕಡೆ ಹಾರೆ ಬಿದ್ದು ಹಾಳೆ ತೂತಾಯಿತು. ತೇಪೆ ಹಾಕಿದರೆ ಸಾಕು ಎಂದರೂ ಕೇಳದೆ ಆ ತುಂಡನ್ನೇ ತೆಗೆಸಿ ಹೊಸದು ಹಾಸಿಸಿದೆ. ದೇವರ ಮನೆಯ ಹೊಸಿಲಿನ ಹತ್ತಿರ ಬಂದಾಗ ಅಲ್ಲಿಯ ಮರಳು ಮಾತ್ರ ಬಣ್ಣ ತಿರುಗಿತ್ತು. ಮುಟ್ಟಿದರೆ ಹಸಿ. "ನೀರಿನ ಡ್ರಮ್ಮು ಇಲ್ಲೇ ಇಟ್ಟಿದ್ವಲ್ಲ ಸಾ, ಚೆಲ್ಲಿರ್ಬೇಕು" ಎಂದರು ಮೇಸ್ತ್ರಿ. ಹೌದು, ಚೆಲ್ಲಿರಬೇಕು ಎಂದೆ ನಾನೂ. ಹಸಿ ಮರಳು ತೆಗೆದು ಒಣ ಮರಳು ತುಂಬಿಸಿದೆ. ಮೇಲೆ ಹಾಳೆ ಬಂತು. ಅದರ ಮೇಲೆ ಕಾಂಕ್ರೀಟು ಬಂತು.

ಮೇಲಿನ ನೆಲವನ್ನು ಕೆಂಪಗೇ ಮಾಡಿಕೊಡಿ ಎಂದು ಅಮ್ಮ ಕೇಳಿದ್ದರು. ಅದಕ್ಕೂ ನಾನು ಓಡಾಡಿದೆ. ಆ ಕಾಲದ ಗಾರೆ ಕೆಲಸದವರು ಈಗಿಲ್ಲ. ಸಿಕ್ಕ ಒಬ್ಬರು ಹಿಂದಿನ ವರಾಂಡದಲ್ಲಿ ಒಂದಿಷ್ಟು ಮಾದರಿ ಹಾಕಿ ತೋರಿಸಿದರು. ವಾರದಲ್ಲಿ ಅದು ಕೂದಲೆಳೆಯಂಥ ಬಿರುಕು ಬಿಟ್ಟು, ಅಲ್ಲಲ್ಲಿ ಗುಲಾಬಿಯಾಗಿ, ತೊನ್ನು ಹತ್ತಿದ ಹಾಗೆ ಕಂಡಿತು. ಮಗಳು ಜಾರದ ಟೈಲ್ಸ್ ಸಾಕು ಎಂದರು. ಅಮ್ಮನಿಗೆ ದಾರಿ ತಿಳಿಯಲಿ ಎಂದು ಗೋಡೆ ಪಕ್ಕ ತರಿ ಇರುವ ಕಪ್ಪು ಟೈಲ್ಸಿನ ಪಟ್ಟಿ ಹಾಕಿಸಿದೆ. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿಕೊಂಡೆ.

ಮನೆಗೆ ಮರಳಿದ ದಿನ ಅಮ್ಮ ಬಾಗಿಲಲ್ಲಿ ನಿಂತು ಪಾದ ಇಟ್ಟರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಆಮೇಲೆ ನಿಂತುಬಿಟ್ಟರು. ಹೊಸ ನೆಲದಲ್ಲಿ ಕೈಯಗಲಕ್ಕೊಂದು ಸಂದು, ಎಲ್ಲಾ ಸಂದೂ ಒಂದೇ. ನನ್ನ ಕಪ್ಪು ಪಟ್ಟಿಗೂ ಉಳಿದ ಟೈಲ್ಸಿಗೂ ಅವರ ಪಾದಕ್ಕೆ ಅಂಥ ವ್ಯತ್ಯಾಸ ಸಿಗಲಿಲ್ಲ, ಯಾಕೆಂದರೆ ಜಾರಬಾರದೆಂದು ಎರಡೂ ತರಿತರಿಯಾದವೇ. "ಎಲ್ಲಾ ಕಡೆ ಒಂದೇ ಥರ ಇದೆಯಲ್ಲೇ" ಎಂದು ಮಗಳಿಗೆ ಹೇಳಿದರು. ಕೈ ಚಾಚಿ ಗೋಡೆ ಹುಡುಕಿದರು. ಅವರು ಗೋಡೆ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿಧಾನವಾಗಿ ಅಭ್ಯಾಸ ಆಗುತ್ತೆ ಅಮ್ಮ" ಎಂದೆ.

"ಆಗುತ್ತೆ. ಒಣಗಿದೆ ಇಂಜಿನಿಯರೇ, ಚೆನ್ನಾಗಿ ಒಣಗಿದೆ" ಎಂದರು. ನನಗೆ ನೋವಾಗಬಾರದು ಎಂದು ಹೇಳಿದ ಮಾತು ಅದು.

ಮಳೆಗಾಲ ಕಳೆಯಿತು. ದಸರೆಯ ಹೊತ್ತಿಗೆ, ಊರೆಲ್ಲಾ ದೀಪ ಹಾಕಿಕೊಂಡಿದ್ದಾಗ, ಮಗಳ ಫೋನು ಬಂತು. "ನೆಲ ಚೆನ್ನಾಗಿದೆ ಸಾರ್. ಆದ್ರೆ ಅಮ್ಮ ಗೋಡೆ ಒದ್ದೆ ಅಂತಿದಾರೆ."

ಈ ಸಲ ನಾನು ಅನುಮಾನಪಡಲಿಲ್ಲ. ಹೋದೆ. ಅಮ್ಮ ಊಟದ ಕೋಣೆಯಿಂದ ಗೋಡೆ ಸವರುತ್ತಾ ಬಂದರು. ಮೊದಲಿನ ಬಿರುಸಿಲ್ಲ, ತಲೆ ತಗ್ಗಿತ್ತು. ಹಾಲ್‌ನ ಮೂಲೆಗೆ ಬಂದು ನನ್ನ ಕೈ ಹಿಡಿದು ಗೋಡೆಯ ಮೇಲಿಟ್ಟರು. "ದಿನಾ ಇದನ್ನೇ ಹಿಡ್ಕೊಂಡು ಓಡಾಡ್ತೀನಲ್ಲ, ಗೊತ್ತಾಯ್ತು. ಮೊದಲು ಇಷ್ಟೇ ಇತ್ತು, ಈಗ ನೋಡಿ" ಎಂದು ಕೈಯನ್ನು ತಮ್ಮ ಸೊಂಟದ ಎತ್ತರಕ್ಕೆ ತಂದರು. ಅಲ್ಲಿಯವರೆಗೂ ಪ್ಲಾಸ್ಟರು ಮೆತ್ತಗಾಗಿತ್ತು. ಬೆರಳಿಂದ ಒತ್ತಿದರೆ ಉದುರುತ್ತಿತ್ತು.

ಏನಾಗಿದೆ ಎಂದು ನನಗೆ ಆಗಲೇ ಅರ್ಥವಾಯಿತು. ಮೊದಲು ಅಡಿಯ ತೇವ ಅಗಲವಾದ ನೆಲದ ಮೂಲಕ ಸ್ವಲ್ಪ ಸ್ವಲ್ಪವಾಗಿ ಆರಿಹೋಗುತ್ತಿತ್ತು. ನಾನು ಆ ದಾರಿಗೆ ಹಾಳೆ ಹಾಸಿ ಮುಚ್ಚಿದ್ದೆ. ನೀರಿಗೆ ಗೋಡೆಯೊಂದೇ ಉಳಿದಿತ್ತು. ಅರ್ಥವಾಗದ್ದು ಒಂದೇ: ಇಷ್ಟು ನೀರು ಬರುತ್ತಿರುವುದು ಎಲ್ಲಿಂದ? ಹಿಂದಿನ ತೋಟದ ಕಡೆಯ ಗೋಡೆ ಒಣಗಿಯೇ ಇತ್ತು. ಸಂಪು ನೋಡಿದೆ, ಬಚ್ಚಲು ನೋಡಿದೆ, ಮುಂದಿನ ರಸ್ತೆಯ ಪೈಪು ನೋಡಿದೆ. ಎಲ್ಲೂ ಏನೂ ಇಲ್ಲ. ಮಾರನೆಯ ದಿನ ಬೆಳಿಗ್ಗೆಯೇ ಮತ್ತೆ ಬಂದೆ. ಅಮ್ಮ ಪೂಜೆಯಲ್ಲಿದ್ದರು. ಅವರು ಮುಗಿಸಲಿ ಎಂದು ಓಣಿಯಲ್ಲಿ ಹೋಗಿ ಕೂತೆ, ಹಿಂದೆ ಟೀ ಕುಡಿಯುತ್ತಾ ಕೂರುತ್ತಿದ್ದ ಅದೇ ಜಾಗದಲ್ಲಿ.

ಗಂಟೆ ಆಯಿತು, ಮಂತ್ರ ಆಯಿತು. ಪಾತ್ರೆ ತೊಳೆದರು, ನೆಲ ಸಾರಿಸಿದರು. ಗುಳುಗುಳು ಎಂದು ನೀರು ಇಳಿಯಿತು, ನನ್ನ ಬೆನ್ನ ಹಿಂದೆಯೇ, ಗೋಡೆಯೊಳಗೆ. ನಾನು ತಿರುಗಿ ಸಿಮೆಂಟು ನೋಡಿದೆ. ಒಂದು ಹನಿಯೂ ಹೊರಗೆ ಬರಲಿಲ್ಲ.

ಎದ್ದು ಒಳಗೆ ಹೋಗಿ ಹೊಸಿಲಿನ ಹೊರಗೇ ನಿಂತು ಕೇಳಿದೆ: "ಅಮ್ಮ, ಈ ನೀರು ಎಲ್ಲಿಗೆ ಹೋಗುತ್ತೆ?"

"ಯಾವ ನೀರು? ಅಭಿಷೇಕದ್ದಾ? ಪಾರಿಜಾತದ ಬುಡಕ್ಕೆ ಹೋಗುತ್ತಪ್ಪ. ಯಾರೂ ತುಳೀಬಾರದು ಅಂತ ನಮ್ಮ ಮಾವನವರು ಇಲ್ಲೊಂದು ತೂಬು ಮಾಡ್ಸಿದಾರೆ. ದೇವರ ಪಾತ್ರೆ ತೊಳೆದದ್ದು, ಇಲ್ಲಿ ಸಾರಿಸಿದ್ದು, ಎಲ್ಲಾ ಅದಕ್ಕೇ ತಳ್ಳೋದು."

"ಪಾರಿಜಾತದ ಗಿಡ ಎಲ್ಲಿದೆ?"

ಉತ್ತರ ಬಂದದ್ದು ನನ್ನ ಹಿಂದಿನಿಂದ. ಮಗಳು ಕಾಲೇಜಿಗೆ ಹೊರಟು ನಿಂತಿದ್ದವರು ಚೀಲವನ್ನು ಹಾಗೇ ಕೆಳಗಿಟ್ಟರು. "ಅದು ಒಣಗಿ ಹೋಗಿತ್ತು ಸಾರ್. ಓಣಿಗೆ ಸಿಮೆಂಟು ಹಾಕುವಾಗ ಬುಡ ತೆಗೆಸಿದೆ. ಅಲ್ಲಿ ತೂತಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ."

"ಗಿಡ ಹೋದ್ರೂ ತೂಬು ಇದೆಯಲ್ಲ ಅಂತ ನಾನು ಹಾಗೇ ತಳ್ತಿದ್ದೆ. ನಿಧಾನಕ್ಕೆ ಹೋಗೋದು, ಆದ್ರೂ ಹೋಗೋದು" ಎಂದರು ಅಮ್ಮ. ಆಮೇಲೆ, "ನೀವು ನಲ್ಲಿ, ಪೈಪು ಅಂತ ಕೇಳಿದ್ರಿ. ಇದು ದೇವರ ನೀರಲ್ವಾ, ನನಗೆ ಹೊಳೀಲೇ ಇಲ್ಲ ಕಣಪ್ಪ" ಎಂದರು.

ಹೊರಗೆ ಹೋದೆ. ಸದ್ದು ಕೇಳಿದ ಜಾಗದಲ್ಲಿ ಸಿಮೆಂಟನ್ನು ಉಳಿಯಿಂದ ಒಡೆದೆ. ಅಡಿಯಲ್ಲಿ ಮಣ್ಣು ಅಂಬಲಿಯಾಗಿತ್ತು. ಕೊಳೆತ ಹೂವು, ತುಳಸಿ, ಗಂಧ ಎಲ್ಲಾ ಬೆರೆತ ವಾಸನೆ ಎದ್ದಿತು. ಕಲ್ಲಿನ ತೂಬಿನ ಬಾಯಿ ಸಿಮೆಂಟಿನಡಿ ಮುಚ್ಚಿಹೋಗಿತ್ತು. ಮೂರು ವರ್ಷ ದಿನಾ ಬೆಳಿಗ್ಗೆ ಆ ಮನೆಯ ಪೂಜೆಯ ನೀರೆಲ್ಲಾ ಪಾಯದ ಕಲ್ಲುಗಳ ನಡುವಿನ ಹಳೇ ಗಾರೆಗೆ ಇಳಿದು, ಅಲ್ಲಿಂದ ಹಾಲ್‌ನ ಅಡಿಗೆ ಹರಡಿತ್ತು. ನಾವು ನೆಲ ಅಗೆದಾಗಲೂ ಇಳಿಯುತ್ತಿತ್ತು. ಹೊಸಿಲಿನ ಹತ್ತಿರದ ಮರಳು ಹಸಿಯಾದದ್ದು ಡ್ರಮ್ಮಿನಿಂದಲ್ಲ.

ಅದನ್ನು ಸರಿಪಡಿಸಿದ್ದು ಏನು ದೊಡ್ಡ ಕೆಲಸ? ಬಚ್ಚಲ ನೀರಿಗೆ ಹಾಕುತ್ತಾರಲ್ಲ, ಅಂಥದೇ ಒಂದು ತುಂಡು ಪ್ಲಾಸ್ಟಿಕ್ ಪೈಪು ತೂಬಿಗೆ ಕೂರಿಸಿ, ಸಿಮೆಂಟಿನ ಅಡಿಯಲ್ಲಿ ಕಾಂಪೌಂಡಿನ ಪಕ್ಕದವರೆಗೆ ಒಯ್ದು, ಅಲ್ಲಿ ಸ್ವಲ್ಪ ಮಣ್ಣು ಬಿಡಿಸಿ ಹೊಸ ಪಾರಿಜಾತ ನೆಟ್ಟೆವು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿತ್ತು. ಇದನ್ನು ಆಗಲೇ ಮಾಡಿದ್ದರೆ, ಅಮ್ಮ ಕೇಳಿದ ಆ ಒಂದು ಬೇಸಿಗೆಯಲ್ಲಿ, ಕೆಂಪು ನೆಲದ ಒಂದು ಚೂರನ್ನೂ ಒಡೆಯದೆ, ಆ ಮನೆ ತಾನಾಗಿಯೇ ಒಣಗಿಬಿಡುತ್ತಿತ್ತು.

ಮಗಳು ಆ ದಿನ ಕಾಲೇಜಿಗೆ ಹೋಗಲಿಲ್ಲ. ಪೈಪು ಹೂಳುವುದನ್ನು ನೋಡುತ್ತಾ ಓಣಿಯಲ್ಲೇ ನಿಂತಿದ್ದರು. "ಅವರು ಬೀಳ್ಬಾರ್ದು ಅಂತ ಹಾಕ್ಸಿದ್ದು ಸಾರ್ ಈ ಸಿಮೆಂಟು" ಎಂದರು. ಹಾಕಿದ್ದು ನೋಡಿ ನಾನು ಶಹಬ್ಬಾಸ್ ಎಂದಿದ್ದೆನಲ್ಲ ಮೇಡಂ ಎಂದೆ. ಅಷ್ಟು ಹೇಳಿದರೆ ಅವರಿಗೆ ಸ್ವಲ್ಪ ಹಗುರವಾದೀತು ಎಂದುಕೊಂಡೆ, ಆಗಲಿಲ್ಲ. ನಾನು ಮನೆಯ ಎಲ್ಲಾ ಕೋಣೆಯಲ್ಲೂ ಪ್ಲಾಸ್ಟಿಕ್ ಹಚ್ಚಿದ್ದೆ, ಒಂದನ್ನು ಬಿಟ್ಟು. ಇಲ್ಲೂ ನೋಡಬೇಕಾ ಎಂದು ಅಮ್ಮನೇ ಕೇಳಿದ್ದರು. ಹೌದು ಎಂದಿದ್ದರೆ ಕಾಲು ತೊಳೆದು ಬನ್ನಿ ಎನ್ನುತ್ತಿದ್ದರು, ಅಷ್ಟೇ. ನನ್ನ ಸಂಕೋಚಕ್ಕೆ ನಾನು ಮರ್ಯಾದೆ ಎಂಬ ಹೆಸರಿಟ್ಟುಕೊಂಡಿದ್ದೆ, ಅದರ ಬೆಲೆಯನ್ನು ಅಮ್ಮ ತೆರುತ್ತಿದ್ದಾರೆ. ಇದನ್ನು ನೆನೆದಾಗಲೆಲ್ಲಾ ನನಗೆ ಸಂಕಟವಾಗುತ್ತದೆ, ನಾಚಿಕೆಯೂ ಆಗುತ್ತದೆ.

ಈಗ ನಾನು ಯಾವ ಮನೆಗೆ ಹೋದರೂ ದೇವರ ಮನೆಯಿಂದಲೇ ಶುರುಮಾಡುತ್ತೇನೆ. ಕೆಲವರಿಗೆ ಸಿಡುಕಾಗುತ್ತದೆ. ಕಾಲು ತೊಳೆದುಕೊಂಡು ಬರುತ್ತೇನೆ, ನೋಡಲೇಬೇಕು ಎನ್ನುತ್ತೇನೆ.

ಆ ಮನೆಯ ಗೋಡೆ ಒಣಗಲು ಮುಂದಿನ ಬೇಸಿಗೆ ಪೂರ್ತಿ ಬೇಕಾಯಿತು. ಪ್ಲಾಸ್ಟರು ಕೆರೆದು ಹೊಸದಾಗಿ ಮಾಡಿಸಿಕೊಟ್ಟೆ. ಕೆಂಪು ನೆಲವನ್ನು ಹೇಗಾದರೂ ಮತ್ತೆ ಹಾಕಿಸುತ್ತೇನೆ, ಹೊರಗಿನಿಂದ ಜನ ಕರೆಸುತ್ತೇನೆ ಎಂದು ಅಮ್ಮನ ಹತ್ತಿರ ಹೇಳಿದೆ. "ಬೇಡ ಇಂಜಿನಿಯರೇ. ಹೊಸ ಕೆಂಪು ನೆಲವೂ ಹೊಸದೇ ಅಲ್ವಾ. ಆ ಬಿರುಕು, ಆ ತಗ್ಗು ಎಲ್ಲಿಂದ ತರ್ತೀರಿ?" ಎಂದರು. ಬೇಸರದ ದನಿಯಿರಲಿಲ್ಲ. ಲೆಕ್ಕ ತಪ್ಪಿದ ಹುಡುಗನಿಗೆ ಹೇಳಿಕೊಟ್ಟ ಹಾಗಿತ್ತು.

ಕೊನೆಯ ಸಲ ಹೋದದ್ದು ಗೋಡೆಗೆ ಬಣ್ಣವಾದ ಮೇಲೆ. ಹೊಸ ಪಾರಿಜಾತದಲ್ಲಿ ಹೂ ಬಿಟ್ಟಿದೆ, ಪ್ರಸಾದ ತಗೊಂಡು ಹೋಗಿ ಎಂದು ಅಮ್ಮ ಕರೆದರು. ಹಾಲ್‌ನ ಉದ್ದಕ್ಕೂ ಗೋಡೆ ಸವರುತ್ತಾ, ಪಾದವನ್ನು ಎಳೆದು ಎಳೆದು ಇಡುತ್ತಾ ಮುಂದೆ ಹೋದರು. ನಾನು ಕಾಲು ತೊಳೆದು ಹಿಂದೆ ನಡೆದೆ. ದೇವರ ಮನೆಯ ಹೊಸಿಲು ದಾಟಿ ಹಳೇ ಕೆಂಪು ನೆಲದ ಮೇಲೆ ಪಾದ ಇಟ್ಟದ್ದೇ ಅವರ ಕೈ ಗೋಡೆಯಿಂದ ಕೆಳಗಿಳಿಯಿತು. ತಲೆ ಎತ್ತಿದರು. ಬಿರುಸಾಗಿ ನಡೆದು ಹೋಗಿ, ತಡಕಾಡದೆ, ತಟ್ಟೆಯಿಂದ ಹೂ ಎತ್ತಿಕೊಂಡು ಬಂದು ನಾನು ನಿಂತ ಕಡೆಗೇ ಕೈ ನೀಡಿದರು.